ವೈದ್ಯಜಿ ಮತ್ತು ನಮ್ಮ ನಡಾವಳಿ ಪುಸ್ತಕ

ಒಂದು ಸಹಕಾರ ಸಂಘ. ಅದರ ಬೀಜದ ಗೋದಾಮಿನಿಂದ ಗೋಧಿ ಮೂಟೆಗಳು ಲಾರಿ ಹತ್ತುತ್ತವೆ. ಹೋಗಬೇಕಾದ ಕಡೆ ಹೋಗುವುದಿಲ್ಲ, ನೇರ ಪೇಟೆ ಸೇರುತ್ತವೆ. ಗೋಧಿಯ ಜೊತೆ ಸೂಪರ್‌ವೈಸರ್ ಕೂಡ ನಾಪತ್ತೆ. ಊರಿಗೆಲ್ಲ ಸುದ್ದಿಯಾಗುತ್ತದೆ. ಈಗ ಸಂಘದ ಯಜಮಾನರು ಏನು ಮಾಡಬೇಕು ಹೇಳಿ? ಒಂದೋ ತಲೆ ತಗ್ಗಿಸಬೇಕು, ಇಲ್ಲ ಕೂಗಾಡಬೇಕು. ಇವರು ಎರಡೂ ಮಾಡುವುದಿಲ್ಲ. ನಿಧಾನಕ್ಕೆ ಒಂದು ಮಾತು ಹೇಳುತ್ತಾರೆ. ಇಷ್ಟು ದಿನ ನಮ್ಮ ಸಂಘದಲ್ಲಿ ಹಣ ನುಂಗಿದ ಪ್ರಕರಣವೇ ಇರಲಿಲ್ಲ, ಅದಕ್ಕೇ ಜನ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದರು. ಈಗ ಆಗಿದೆ. ಆಗಿದ್ದನ್ನು ನಾವು ಮುಚ್ಚಿಟ್ಟಿಲ್ಲ. ಅಂದಮೇಲೆ ನಾವು ಸತ್ಯವಂತರು ಅಂತ ತಾನೇ ಅರ್ಥ? ಇನ್ನು ನಷ್ಟದ ಮಾತು. ಅದನ್ನು ಸರ್ಕಾರ ತುಂಬಿಕೊಡಲಿ ಅಂತ ಒಂದು ಠರಾವು.

ಹೋದ ಭಾನುವಾರ ರಾತ್ರಿ ಈ ಭಾಗ ಓದುತ್ತಾ ನಾನು ಎಷ್ಟು ನಕ್ಕೆ ಅಂದರೆ, ಪಕ್ಕದ ಕೋಣೆಯಿಂದ ಮಗಳು ಬಂದು "ಅಪ್ಪಾ, ಏನು ರೀಲ್ಸಾ? ನಂಗೂ ತೋರ್ಸು" ಅಂದಳು. ಪುಸ್ತಕ ತೋರಿಸಿದೆ. "ಓ" ಅಂತ ಹೋದಳು.

ಪುಸ್ತಕದ ಹೆಸರು 'ರಾಗ್ ದರ್ಬಾರಿ'. ಹಿಂದಿ ಕಾದಂಬರಿ. ಬರೆದವರು ಶ್ರೀಲಾಲ್ ಶುಕ್ಲ. 1968ರಲ್ಲಿ ಬಂತು, ಮರುವರ್ಷವೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹೆಸರು ಕೇಳಿದರೆ ಸಂಗೀತದ ಪುಸ್ತಕ ಅನ್ನಿಸುತ್ತದೆ. ದರ್ಬಾರಿ ರಾಗದ ಪೂರ್ತಿ ಹೆಸರು ದರ್ಬಾರಿ ಕಾನಡ. ಆ 'ಕಾನಡ' ನಮ್ಮ ಕಡೆಯಿಂದ ಹೋದದ್ದು ಅಂತ ಸಂಗೀತದವರು ಹೇಳುತ್ತಾರೆ. ತಾನ್‌ಸೇನ್ ಅದನ್ನು ಅಕ್ಬರನ ದರ್ಬಾರಿನಲ್ಲಿ ಹಾಡಿದ ಅನ್ನುವ ಕಥೆಯೂ ಇದೆ. ಆದರೆ ಈ ಪುಸ್ತಕದಲ್ಲಿ ತಂಬೂರಿ ಇಲ್ಲ, ತಬಲಾ ಇಲ್ಲ. ಇಲ್ಲಿರುವುದು ಬೇರೆ ದರ್ಬಾರು. "ಏನ್ ದರ್ಬಾರ್ ನಡೆಸ್ತಾನಪ್ಪಾ ಇವನು" ಅಂತ ನಾವು ಹೇಳುತ್ತೇವಲ್ಲ, ಆ ದರ್ಬಾರು. ಕನ್ನಡದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ನನಗೆ ಹಿಂದಿ ಬಂದದ್ದು ಅಮ್ಮನ ಹಟದಿಂದ. ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳು. ಪ್ರಾಥಮಿಕ, ಮಧ್ಯಮ, ರಾಷ್ಟ್ರಭಾಷಾ. ಸಂಜೆ ಕ್ರಿಕೆಟ್ ಬಿಟ್ಟು ಮೇಷ್ಟರ ಮನೆಯ ಜಗಲಿಯಲ್ಲಿ ಕೂತು 'ನೇ' ಪ್ರತ್ಯಯ ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ ಅಂತ ಗೋಳಾಡಿದ್ದೇ ನೆನಪು. ಆ ಹಿಂದಿ ಉಪಯೋಗಕ್ಕೆ ಬಂದದ್ದು ಬ್ಯಾಂಕಿನ ಕೆಲಸ ಸಿಕ್ಕಾಗ. ಮೊದಲ ಪೋಸ್ಟಿಂಗ್ ಉತ್ತರ ಪ್ರದೇಶದ ರಾಯ್‌ಬರೇಲಿ ಕಡೆಯ ಒಂದು ಹಳ್ಳಿ ಶಾಖೆ. ನಾನು ಕಲಿತ ಹಿಂದಿಗೂ ಅಲ್ಲಿನ ಜನ ಆಡುವ ಅವಧೀ ಅನ್ನುವ ಆಡುನುಡಿಗೂ ಸಂಬಂಧವೇ ಇರಲಿಲ್ಲ. ನಾನು "ಕೃಪಯಾ ಯಹಾಂ ಹಸ್ತಾಕ್ಷರ್ ಕೀಜಿಯೇ" ಅಂದರೆ ಕೌಂಟರ್ ಮುಂದೆ ನಿಂತ ಅಜ್ಜ ಹಿಂದೆ ತಿರುಗಿ ನೋಡುತ್ತಿದ್ದ, ಬೇರೆ ಯಾರಿಗೋ ಹೇಳಿದೆನೇನೋ ಅಂತ. ನಮ್ಮ ಶಾಖೆಯ ಹೆಡ್ ಕ್ಯಾಷಿಯರ್ ಆ ಕಡೆಯವರೇ. ನನ್ನ ಅವಸ್ಥೆ ಮೂರು ತಿಂಗಳು ನೋಡಿದರು. ಒಂದು ದಿನ ಮೂಲೆ ಮಡಚಿದ, ಬೆನ್ನು ಕಿತ್ತ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟರು. "ಸಾಹಬ್, ಬ್ಯಾಂಕಿನ ಸರ್ಕ್ಯುಲರ್ ಆಮೇಲೆ ಓದಿ. ಮೊದಲು ಇದು ಓದಿ. ಸಾಲ ಯಾರಿಗೆ ಕೊಡಬಾರದು ಅಂತ ಗೊತ್ತಾಗತ್ತೆ" ಅಂದರು.

ಹಾಗೆ 'ರಾಗ್ ದರ್ಬಾರಿ'ಯ ಊರು ಶಿವಪಾಲ್‌ಗಂಜ್ ನನ್ನೊಳಗೆ ಬಂತು.

ಕಥೆ ಅಂತ ಹೇಳಲು ಹೋದರೆ ಬಹಳ ಏನೂ ಇಲ್ಲ. ರಂಗನಾಥ ಅಂತ ಒಬ್ಬ ಹುಡುಗ. ಎಂ.ಎ. ಮಾಡಿ ಸಂಶೋಧನೆ ಮಾಡುತ್ತಿದ್ದಾನೆ. ಆರೋಗ್ಯ ಕೆಟ್ಟಿದೆ. ಚೇತರಿಸಿಕೊಳ್ಳಲು ಸೋದರಮಾವನ ಊರಿಗೆ ಹೊರಡುತ್ತಾನೆ. ರೈಲು ತಪ್ಪಿಹೋಗಿ ಲಾರಿ ಹತ್ತುತ್ತಾನೆ. ಆ ಲಾರಿ ರಸ್ತೆಯಲ್ಲಿ ನಿಂತ ರೀತಿಯಲ್ಲೇ ಮೊದಲ ನಗು ಇದೆ. ಒಂದು ಕಡೆಯಿಂದ ನೋಡಿದರೆ ಪೊಲೀಸರು ಅದು ನಡುರಸ್ತೆಯಲ್ಲಿದೆ ಅನ್ನಬಹುದು, ಇನ್ನೊಂದು ಕಡೆಯಿಂದ ನೋಡಿದರೆ ಡ್ರೈವರ್ ಅದು ಪಕ್ಕದಲ್ಲಿದೆ ಅನ್ನಬಹುದು. ಸತ್ಯಕ್ಕೆ ಇರುವ ಹಾಗೆ ಲಾರಿಗೂ ಹಲವು ಮುಖ! ಆಮೇಲೆ ಅದರ ಗೇರು. ಟಾಪ್‌ಗೆ ಹಾಕಿದಷ್ಟೂ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ನಿಮ್ಮ ಗೇರು ಥೇಟ್ ನಮ್ಮ ದೇಶದ ಆಡಳಿತದ ಥರ ಇದೆಯಲ್ಲ ಅಂತ ರಂಗನಾಥ ಡ್ರೈವರ್‌ಗೆ ಹೇಳುತ್ತಾನೆ. ಪಾಪ, ಹುಡುಗ ಬುದ್ಧಿವಂತ. ಬುದ್ಧಿವಂತಿಕೆಯ ಮಾತು ಆಡುತ್ತಾನೆ. ಮುಂದೆ ಇಡೀ ಪುಸ್ತಕದಲ್ಲಿ ಅವನು ಮಾಡುವುದೂ ಅಷ್ಟೇ, ಅದನ್ನು ಆಮೇಲೆ ಹೇಳುತ್ತೇನೆ.

ಸೋದರಮಾವನೇ ವೈದ್ಯಜಿ. ನಾನು ಓದಿದ ಖಳನಾಯಕರಲ್ಲಿ ಇವರನ್ನು ಮೀರಿಸಿದವರು ಇಲ್ಲ. ಇವರು ಬೈಯುವುದಿಲ್ಲ, ಹೊಡೆಯುವುದಿಲ್ಲ, ಒಂದು ಕೆಟ್ಟ ಪದ ಬಾಯಲ್ಲಿ ಬರುವುದಿಲ್ಲ. ಶುದ್ಧ ಬಟ್ಟೆ, ಶುದ್ಧ ಹಿಂದಿ. ಆಯುರ್ವೇದದ ಔಷಧಿ ಕೊಡುತ್ತಾರೆ, ಹುಡುಗರಿಗೆ ಬ್ರಹ್ಮಚರ್ಯದ ಉಪದೇಶ ಮಾಡುತ್ತಾರೆ. ಊರ ಗೋಡೆಗಳ ಮೇಲೆ 'ನವಯುವಕರಿಗೆ ಆಶಾಸಂದೇಶ' ಅನ್ನುವ ಜಾಹೀರಾತು. ಜಗಲಿಯಲ್ಲಿ ಭಂಗಿ ಸೊಪ್ಪು ಅರೆಯುತ್ತಲೇ ಇರುತ್ತಾರೆ, ಬಂದವರಿಗೆಲ್ಲ ಒಂದು ಲೋಟ. ಊರಿನ ಇಂಟರ್ ಕಾಲೇಜಿಗೆ, ಅಂದರೆ ಹನ್ನೆರಡನೇ ಕ್ಲಾಸಿನವರೆಗಿನ ಶಾಲೆಗೆ, ಅವರೇ ಮ್ಯಾನೇಜರ್. ಸಹಕಾರ ಸಂಘಕ್ಕೆ ಅವರೇ ಮ್ಯಾನೇಜಿಂಗ್ ಡೈರೆಕ್ಟರ್. ಪಂಚಾಯಿತಿ ಒಂದು ಕೈಯಲ್ಲಿರಲಿಲ್ಲ, ಅದಕ್ಕೂ ಕೈ ಚಾಚುತ್ತಾರೆ. ಬ್ರಿಟಿಷರ ಕಾಲದಲ್ಲಿ ಬ್ರಿಟಿಷ್ ಅಧಿಕಾರಿಗಳ ಮೇಲೆ ಭಕ್ತಿ ಇಟ್ಟುಕೊಂಡಿದ್ದವರು, ಸ್ವಾತಂತ್ರ್ಯ ಬಂದಮೇಲೆ ಅದೇ ಭಕ್ತಿಯನ್ನು ನಮ್ಮ ಅಧಿಕಾರಿಗಳ ಕಡೆ ತಿರುಗಿಸಿಕೊಂಡರು. ಹೀಗಾಗಿ ಅವರು ಹಳೆಯ ದೇಶಸೇವಕರು.

ಮೊದಲ ಸಲ ಓದಿದಾಗ ನನಗೆ ಬಹಳ ಇಷ್ಟವಾದದ್ದು ಅವರ ಸುತ್ತ ಇರುವ ಗುಂಪು. ಹಿರಿಯ ಮಗ ಬದ್ರಿ ಪೈಲ್ವಾನ್, ಹೆಸರೇ ಹೇಳುವ ಹಾಗೆ ಗರಡಿ ಆಳು. ಕಿರಿಯವನು ರುಪ್ಪನ್, ವಿದ್ಯಾರ್ಥಿ ನಾಯಕ. ಹತ್ತನೇ ಕ್ಲಾಸಿನ ಮೇಲೆ ಎಷ್ಟು ಪ್ರೀತಿ ಅಂದರೆ ಅದನ್ನು ಬಿಟ್ಟು ಹೋಗಲು ಮನಸ್ಸೇ ಬರುವುದಿಲ್ಲ. ಸನೀಚರ್ ಅಂತ ಒಬ್ಬ ಚಡ್ಡಿಧಾರಿ ಆಳು, ಭಂಗಿ ಅರೆಯುವವನು. ಮುಂದೆ ಅವನೇ ಊರಿನ ಪ್ರಧಾನ. ಪಂಚಾಯಿತಿ ಅಧ್ಯಕ್ಷ ಅಂದುಕೊಳ್ಳಿ. ಹೇಗೆ ಗೆದ್ದ? ಚುನಾವಣೆ ಗೆಲ್ಲುವುದಕ್ಕೆ ಆ ಸೀಮೆಯಲ್ಲಿ ಹಲವು ವಿಧಾನಗಳಿವೆ, ಪ್ರತಿಯೊಂದಕ್ಕೂ ಅದು ಮೊದಲು ನಡೆದ ಊರಿನ ಹೆಸರು. ನಮ್ಮಲ್ಲಿ ಮಂಗಳೂರು ಬೋಂಡಾ, ದಾವಣಗೆರೆ ಬೆಣ್ಣೆದೋಸೆ ಇದ್ದ ಹಾಗೆ. ಸನೀಚರ್ ಬಳಸಿದ್ದು ಮಹಿಪಾಲ್‌ಪುರ ವಿಧಾನ, ಅದು ಗಡಿಯಾರದ ಕೈಚಳಕ. ಚುನಾವಣಾ ಅಧಿಕಾರಿಯ ವಾಚು ಮುಂದೆ ಓಡುತ್ತಿದ್ದರೆ ಸಾಕು. ನಮ್ಮವರು ಬೇಗ ಬಂದು ಓಟು ಹಾಕಿ ಹೋದಮೇಲೆ ಸಮಯ ಮುಗಿದುಹೋಗುತ್ತದೆ. ಮಿಕ್ಕವರು ಸರಿಯಾದ ಸಮಯಕ್ಕೆ ಬಂದು ಬಾಗಿಲು ನೋಡಿಕೊಂಡು ಹೋಗುತ್ತಾರೆ. ಬೂತಿಗೆ ಬೆಂಕಿ ಇಲ್ಲ, ಪೆಟ್ಟಿಗೆ ಕಳ್ಳತನ ಇಲ್ಲ. ಬರೀ ವಾಚು.

ಮೋತಿರಾಮ್ ಮೇಷ್ಟರನ್ನು ಬಿಟ್ಟರೆ ನನಗೆ ಸಮಾಧಾನ ಇಲ್ಲ. ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಮನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಸಾಪೇಕ್ಷ ಸಾಂದ್ರತೆ ಅಂದರೇನು ಅಂತ ಕ್ಲಾಸಿನಲ್ಲಿ ವಿವರಿಸಲು ಹೊರಟರೆ ಉದಾಹರಣೆ ಗಿರಣಿಯದ್ದೇ. ಒಂದು ಗಿರಣಿಗೆ ಎಷ್ಟು ಲಾಭ, ಪಕ್ಕದವನ ಗಿರಣಿಗೆ ಎಷ್ಟು. ಮಕ್ಕಳಿಗೆ ಸಾಂದ್ರತೆ ಗೊತ್ತಾಗುವುದಿಲ್ಲ, ಗಿರಣಿ ವ್ಯಾಪಾರ ಚೆನ್ನಾಗಿ ಗೊತ್ತಾಗುತ್ತದೆ. ಟ್ಯೂಷನ್, ಚೀಟಿ ವ್ಯವಹಾರ, ಸೈಟು ಅಂತ ಸ್ಟಾಫ್‌ರೂಮಿನಿಂದ ಕ್ಲಾಸ್‌ರೂಮಿಗೆ ಬರುವ ದಾರಿಯಲ್ಲೂ ಫೋನ್ ಇಡದ ಮೇಷ್ಟರುಗಳನ್ನು ನೋಡಿದವರಿಗೆ ಮೋತಿರಾಮ್ ಬಹಳ ಹತ್ತಿರದ ನೆಂಟ.

ಆಗ ನನಗಿನ್ನೂ ಇಪ್ಪತ್ತಾರು. ನಕ್ಕಿದ್ದೇ ನಕ್ಕಿದ್ದು. ಬೆಳಗ್ಗೆ ಶಾಖೆಗೆ ಹೋಗಿ ಸಾಲದ ಅರ್ಜಿ ಹಿಡಿದು ಬಂದವರನ್ನು ನೋಡಿ ಮನಸ್ಸಿನಲ್ಲೇ ಹೆಸರು ಇಡುತ್ತಿದ್ದೆ. ಇವನು ಸನೀಚರ್, ಇವನು ರುಪ್ಪನ್, ಅಗೋ ಬಂದರು ವೈದ್ಯಜಿ. ನಾನು ಯಾರು ಅಂತ ಕೇಳಿಕೊಳ್ಳಲೇ ಇಲ್ಲ.

ಶುಕ್ಲರು ಹೊರಗೆ ನಿಂತು ನಗೆಯಾಡಿದವರಲ್ಲ. 1925ರಲ್ಲಿ ಲಕ್ನೋ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು, 1949ರಲ್ಲಿ ಉತ್ತರ ಪ್ರದೇಶದ ಸಿವಿಲ್ ಸೇವೆಗೆ ಸೇರಿ, 1983ರಲ್ಲಿ ಐಎಎಸ್ ಅಧಿಕಾರಿಯಾಗಿ ನಿವೃತ್ತರಾದವರು. ಅಂದರೆ ಈ ಕಾದಂಬರಿ ಬರೆಯುವಾಗ ಅವರೇ ಸರ್ಕಾರ. ಫೈಲು ಹೇಗೆ ಓಡಾಡುತ್ತದೆ, ಠರಾವಿನ ಭಾಷೆ ಹೇಗಿರುತ್ತದೆ, ವರದಿಯಲ್ಲಿ ಯಾವ ಪದ ಹಾಕಿದರೆ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ, ಎಲ್ಲ ಕೈಯಾರೆ ಗೊತ್ತಿದ್ದವರು. ಅದಕ್ಕೇ ಅವರು ಕೂಗಾಡುವುದಿಲ್ಲ. ಅಧಿಕಾರದವರು ತಮ್ಮ ಬಗ್ಗೆ ತಾವು ಏನು ಹೇಳಿಕೊಳ್ಳುತ್ತಾರೋ ಅದನ್ನೇ ನೆಟ್ಟಗೆ, ಮುಖದಲ್ಲಿ ಒಂದು ಗೆರೆ ಅಲುಗದ ಹಾಗೆ ಬರೆದುಬಿಡುತ್ತಾರೆ. ನನಗೆ ಇದೇ ದೊಡ್ಡ ವಿದ್ಯೆ ಅನ್ನಿಸುವುದು. ಈಗ ನಾವು ದೊಡ್ಡವರನ್ನು ಗೇಲಿ ಮಾಡುವ ರೀತಿ ನೋಡಿ. ಒಂದು ಮೀಮ್, ಒಂದು ಅಡ್ಡಹೆಸರು, ದಪ್ಪ ಹೊಟ್ಟೆಯ ಕಾರ್ಟೂನು. ಅವರಿಗೇನೂ ಆಗುವುದಿಲ್ಲ. ಎಷ್ಟೋ ಸಲ ಅವರೇ ಅದನ್ನು ಶೇರ್ ಮಾಡಿಕೊಳ್ಳುತ್ತಾರೆ. ಆದರೆ ವೈದ್ಯಜಿಯ ಮಾತುಗಳನ್ನು ಒಮ್ಮೆ ಓದಿದವನಿಗೆ ಮುಂದೆ ಯಾವ ವೇದಿಕೆಯಲ್ಲೂ 'ನಿಸ್ವಾರ್ಥ ಸೇವೆ' ಅನ್ನುವುದು ಮೊದಲಿನ ಹಾಗೆ ಕೇಳಿಸುವುದಿಲ್ಲ.

ಸಹಕಾರ ಸಂಘದ ಕಥೆ ಹೇಗೆ ಮುಗಿಯುತ್ತದೆ ಗೊತ್ತಾ? ವಾರ್ಷಿಕ ಸಭೆಯಲ್ಲಿ ವೈದ್ಯಜಿ ತ್ಯಾಗದ ಮಾತಾಡಿ ರಾಜೀನಾಮೆ ಕೊಡುತ್ತಾರೆ. ಹೊಸಬರು ಬರಲಿ, ಯುವಕರು ಬರಲಿ. ಯುವಕರು ಬರುತ್ತಾರೆ. ಬದ್ರಿ ಪೈಲ್ವಾನ್, ಅವರ ಮಗ, ಆ ಜಾಗದಲ್ಲಿ ಕೂರುತ್ತಾನೆ. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ನಮ್ಮ ಗದಗದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಶ್ರಮದಿಂದ. ಆ ಹೆಮ್ಮೆ ನಮಗಿದೆ. ಸೊಸೈಟಿ ಚುನಾವಣೆ ಬಂದಾಗ ಹಳ್ಳಿಗಳಲ್ಲಿ ಏನೇನು ನಡೆಯುತ್ತದೆ ಅನ್ನುವ ಅನುಭವವೂ ನಮಗೆ ಸಾಕಷ್ಟಿದೆ. ಗೊಬ್ಬರಕ್ಕೆ ಕ್ಯೂ ನಿಂತವರನ್ನು ಕೇಳಿ.

ಸರಿ, ಈಗ ನನ್ನ ವಿಷಯಕ್ಕೆ ಬರಲೇಬೇಕು. ಈ ಪುಸ್ತಕವನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ತೆಗೆದದ್ದಕ್ಕೆ ಒಂದು ಕಾರಣ ಇದೆ.

ಲಂಗಡ್ ಅಂತ ಒಬ್ಬ ಬರುತ್ತಾನೆ ಕಾದಂಬರಿಯಲ್ಲಿ. ಕಾಲು ಕುಂಟು, ಅದಕ್ಕೇ ಊರು ಇಟ್ಟ ಹೆಸರು. ತಹಸೀಲು ಕಚೇರಿಯಿಂದ ಅವನಿಗೆ ಒಂದು ಕಾಗದದ ನಕಲು ಬೇಕು. ಕನ್ನಡದಲ್ಲೂ ಅದಕ್ಕೆ ನಕಲು ಅಂತಲೇ ಅನ್ನುತ್ತೇವೆ, ನೋಡಿ. ಗುಮಾಸ್ತ ಐದು ರೂಪಾಯಿ ಕೇಳುತ್ತಾನೆ. ನಡೆಯುವ ರೇಟು ಎರಡು ರೂಪಾಯಿ ಅಂತ ಇವನು. ಜಗಳವಾಗುತ್ತದೆ. ಲಂಚ ಕೊಡದೆ, ಕಾನೂನಿನ ಪ್ರಕಾರವೇ ನಕಲು ತಗೋತೀನಿ ಅಂತ ಇವನು ಶಪಥ ಮಾಡುತ್ತಾನೆ. ಕಾನೂನಿನ ಪ್ರಕಾರವೇ ಕೊಡ್ತೀನಿ ಅಂತ ಗುಮಾಸ್ತನೂ ಶಪಥ ಮಾಡುತ್ತಾನೆ. ಮುಗಿಯಿತು ಕಥೆ. ಅರ್ಜಿಯಲ್ಲಿ ಒಂದು ತಪ್ಪು, ಶುಲ್ಕದಲ್ಲಿ ಒಂದು ಕೊರತೆ, ಮತ್ತೆ ಅರ್ಜಿ, ಮತ್ತೆ ತಪ್ಪು. ಕೊನೆಗೊಮ್ಮೆ ನಕಲು ಸಿದ್ಧವಾಗುತ್ತದೆ. ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಅಷ್ಟರಲ್ಲಿ ಇವನು ಜ್ವರ ಬಂದು ಮಲಗಿರುತ್ತಾನೆ. ಗಡುವು ಮುಗಿಯುತ್ತದೆ, ನಕಲನ್ನು ಹರಿದುಹಾಕುತ್ತಾರೆ. ಎಲ್ಲವೂ ಕಾನೂನಿನ ಪ್ರಕಾರ. ವೈದ್ಯಜಿಯ ಜಗಲಿಯಲ್ಲಿ ಅವನು ಬಂದು ತನ್ನ ಕಥೆ ಹೇಳಿದಾಗಲೆಲ್ಲ ಜನ ನಗುತ್ತಾರೆ. ಮೊದಲ ಓದಿನಲ್ಲಿ ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷ ನಾನು ನಮ್ಮ ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ ಆಗಿದ್ದೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡಿದವರಿಗೆ ಗೊತ್ತು, ನೀರಿನ ಟ್ಯಾಂಕರ್ ಒಂದೇ ಸಾಕು ಮನುಷ್ಯನ ಗುಣ ಹೊರಗೆ ತರಲು. ಅಧ್ಯಕ್ಷರು ಬಹಳ ಸಂಭಾವಿತರು. ಎಂದೂ ದನಿ ಏರಿಸಿದವರಲ್ಲ. "ನಾವೆಲ್ಲ ಒಂದು ಕುಟುಂಬ ಅಲ್ವಾ" ಅನ್ನುವುದು ಅವರ ಪಲ್ಲವಿ. ಟ್ಯಾಂಕರ್ ಗುತ್ತಿಗೆ ಅವರಿಗೆ ಗೊತ್ತಿದ್ದವರಿಗೇ ಹೋಯಿತು. ಕೊಟೇಷನ್ ತರಿಸಬೇಕಿತ್ತು, ತರಿಸಲಿಲ್ಲ. ಬೇಸಿಗೆ, ನೀರಿಲ್ಲ, ಯಾರು ಕೊಟೇಷನ್ ಅಂತ ಕೂರುತ್ತಾರೆ? ಆಮೇಲೆ ಆಡಿಟ್‌ಗೆ ಒಂದು ಸಭೆಯ ನಡಾವಳಿ ಬೇಕಾಯಿತು. ಸಭೆ ನಡೆದಿರಲಿಲ್ಲ. ನನ್ನ ಕೈಬರಹ ಚೆನ್ನಾಗಿದೆ, ಬ್ಯಾಂಕಿನವನು ಬೇರೆ. ಬರೆದೆ. 'ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಆ ವಾಕ್ಯ ಬರೆಯುವಾಗ ಕೈ ನಡುಗಲೂ ಇಲ್ಲ. ನಾನು ಒಂದು ರೂಪಾಯಿ ಮುಟ್ಟಿರಲಿಲ್ಲವಲ್ಲ, ಅದೇ ಧೈರ್ಯ.

ಮೂರನೇ ಮಹಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದಾರೆ. ಟ್ಯಾಂಕರ್ ಲೆಕ್ಕದ ಜೆರಾಕ್ಸ್ ಕೊಡಿ ಅಂತ ಕೇಳಿದರು. "ಅರ್ಜಿ ಬರೆದುಕೊಡಿ ಸಾರ್" ಅಂದೆ. ಬರೆದುಕೊಟ್ಟರು. "ಕಮಿಟಿ ಮುಂದೆ ಇಡಬೇಕು ಸಾರ್" ಅಂದೆ. ತಿಂಗಳು ಬಿಟ್ಟು ಬಂದರು. "ಆಡಿಟರ್ ಹತ್ರ ಇದೆ ಫೈಲು." ಮತ್ತೆ ಬಂದರು. "ಜನರಲ್ ಬಾಡಿಯಲ್ಲಿ ಎಲ್ಲರ ಮುಂದೆ ಇಡ್ತೀವಲ್ಲ ಸಾರ್." ಒಂದು ಮಾತೂ ಸುಳ್ಳಲ್ಲ. ಎಲ್ಲ ನಿಯಮದ ಪ್ರಕಾರ. ಕಮಿಟಿಯವರ ವಾಟ್ಸಾಪ್ ಗುಂಪಿನಲ್ಲಿ ನಾವು ಅವರಿಗೆ ಒಂದು ಅಡ್ಡಹೆಸರು ಇಟ್ಟುಕೊಂಡಿದ್ದೆವು. ಅವರು ಲಿಫ್ಟಿನಲ್ಲಿ ಕಂಡರೆ ಯಾರೋ ಒಬ್ಬರು ಅದನ್ನು ಟೈಪ್ ಮಾಡುತ್ತಿದ್ದರು, ಮಿಕ್ಕವರು ನಗುವ ಇಮೋಜಿ ಹಾಕುತ್ತಿದ್ದೆವು.

ಈ ಸಲ ಪುಸ್ತಕ ಓದುತ್ತಾ ಲಂಗಡ್ ಬಂದ ಪುಟದಲ್ಲಿ ನಾನು ನಿಂತುಬಿಟ್ಟೆ. ಇಷ್ಟು ವರ್ಷ ಶಿವಪಾಲ್‌ಗಂಜಿನಲ್ಲಿ ನಾನು ರಂಗನಾಥ ಅಂದುಕೊಂಡಿದ್ದೆ. ಓದಿದವನು, ಹೊರಗಿನವನು, ಎಲ್ಲ ನೋಡಿ ಮನಸ್ಸಿನಲ್ಲಿ ಬೇಜಾರು ಮಾಡಿಕೊಳ್ಳುವವನು. ನಾನು ಆ ನಕಲು ಗುಮಾಸ್ತ. ಅದೂ ಐದು ರೂಪಾಯಿ ಸಿಗದ ಗುಮಾಸ್ತ.

ಹಾಗಂತ ರಂಗನಾಥನಾದರೂ ದೊಡ್ಡ ಮನುಷ್ಯನೇನಲ್ಲ. ಶುಕ್ಲರು ಯಾರನ್ನೂ ಬಿಡುವುದಿಲ್ಲ, ಎಲ್ಲರಿಗಿಂತ ಜೋರಾಗಿ ಬಾರಿಸುವುದು ಇವನನ್ನೇ. ವೈದ್ಯಜಿಯ ಮನೆಯ ಊಟ, ವೈದ್ಯಜಿಯ ಮನೆಯ ಮಂಚ, ವೈದ್ಯಜಿಯ ಬಗ್ಗೆ ಅಸಹ್ಯ. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೆ ಎದುರು ನಿಂತ ಖನ್ನಾ ಮೇಷ್ಟರನ್ನು ಹೆದರಿಸಿ ಕೆಲಸ ಬಿಡಿಸುತ್ತಾರೆ. ಆಮೇಲೆ ಪ್ರಿನ್ಸಿಪಾಲರು ಬಂದು ಅದೇ ಕೆಲಸವನ್ನು ರಂಗನಾಥನಿಗೆ ಕೊಡಲು ನೋಡುತ್ತಾರೆ. ಹುಡುಗನಿಗೆ ಸಿಟ್ಟು ಬರುತ್ತದೆ, ಛೀ ಅನ್ನುತ್ತಾನೆ. ಆಗ ಆ ಪ್ರಿನ್ಸಿಪಾಲರು, ಸಿಟ್ಟು ಬಂದರೆ ಅವಧೀ ನುಡಿಯಲ್ಲಿ ಒದರುವ ಆ ಬಾಲಬಡುಕ ಮನುಷ್ಯ, ಇಡೀ ಪುಸ್ತಕದ ಅತಿ ಚೂಪಾದ ಮಾತು ಹೇಳುತ್ತಾರೆ. ನೀನು ಎಲ್ಲಿಗೇ ಹೋಗು, ನಿನಗೆ ಸಿಗುವುದು ಯಾವನೋ ಒಬ್ಬ ಖನ್ನಾನ ಜಾಗವೇ. ಬ್ಯಾಂಕಿನಲ್ಲಿ ನನಗೆ ಬಂದ ಎರಡು ಬಡ್ತಿಗಳ ನೆನಪಾಗಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಬಾಲ್ಕನಿಗೆ ಹೋಗಿ ನಿಂತೆ.

ಪುಸ್ತಕದಲ್ಲಿ ನನಗೆ ಹಿಡಿಸದ್ದೂ ಇದೆ. ಹೆಂಗಸರೇ ಇಲ್ಲ. ಬೇಲಾ ಅಂತ ಒಬ್ಬಳು ಹುಡುಗಿ, ಅವಳ ಬಗ್ಗೆ ಊರೆಲ್ಲ ಮಾತಾಡುತ್ತದೆ, ಅವಳ ಮಾತು ಮಾತ್ರ ನಮಗೆ ಕೇಳುವುದೇ ಇಲ್ಲ ಅನ್ನಬಹುದು. ಪೂರ್ತಿ ಸಿನಿಮಾ ಹಾಡಿನ ಸಾಲುಗಳನ್ನೇ ಪೋಣಿಸಿ ಬರೆದ ಒಂದು ಪ್ರೇಮಪತ್ರ ಬರುತ್ತದೆ. ಅದು ಓದಲು ಮಜಾ, ಆದರೆ ಅಷ್ಟೇ. ವೈದ್ಯಜಿಯಂಥವರ ನಿಜವಾದ ದರ್ಬಾರು ನಡೆಯುವುದು ಅಡುಗೆಮನೆಯ ಬಾಗಿಲಿನ ಆಚೆಗೂ ಅಲ್ವಾ? ಆ ಬಾಗಿಲು ಶುಕ್ಲರು ತೆರೆಯಲಿಲ್ಲ. ಮತ್ತೆ ಪುಸ್ತಕ ಉದ್ದವಾಯಿತು ಅಂತಲೂ ಅನ್ನಿಸುತ್ತದೆ. ನಡುವೆ ಜಾತ್ರೆಗೆ ಹೋದ ಹಾಗೆ ಅಲ್ಲಿ ಇಲ್ಲಿ ತಿರುಗುತ್ತದೆ. ಒಂದೇ ಸಲಕ್ಕೆ ಓದಬೇಡಿ. ದಿನಕ್ಕೊಂದು ಅಧ್ಯಾಯ, ಊಟ ಆದಮೇಲೆ. ಹಿಂದಿ ಬಾರದವರಿಗೆ ಜಿಲಿಯನ್ ರೈಟ್ ಮಾಡಿದ ಇಂಗ್ಲಿಷ್ ಅನುವಾದ 1992ರಿಂದಲೇ ಇದೆ.

ನಿನ್ನೆ ಸಂಜೆ ಹಳೆಯ ಫೈಲುಗಳನ್ನು ಹುಡುಕಿದೆ. ಸೆಕ್ರೆಟರಿ ಕೆಲಸ ಬಿಟ್ಟು ಏಳು ತಿಂಗಳಾದರೂ ಒಂದು ಜೊತೆ ಬಿಲ್ಲುಗಳು ನನ್ನ ಬೀರುವಿನಲ್ಲೇ ಇದ್ದವು. ಎಲ್ಲ ಜೆರಾಕ್ಸ್ ಮಾಡಿಸಿದೆ, ಆ ಇಲ್ಲದ ಸಭೆಯ ನಡಾವಳಿಯನ್ನೂ ಸೇರಿಸಿದೆ. ಮೂರನೇ ಮಹಡಿಗೆ ಹೋಗಿ ಬೆಲ್ ಮಾಡಿದೆ. ಮೇಷ್ಟರು ಬನಿಯನ್ನಿನಲ್ಲೇ ಬಾಗಿಲು ತೆರೆದರು. ಕೊಟ್ಟೆ. ಸಭೆ ನಡೆದಿರಲಿಲ್ಲ ಸಾರ್, ಬರೆದದ್ದು ನಾನೇ ಅಂತಲೂ ಹೇಳಿದೆ. ಅವರು ಏನೂ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತು ಒಂದೊಂದೇ ಹಾಳೆ ತಿರುಗಿಸಿದರು. ಎಣಿಸಿದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು.

"ಇದಕ್ಕೆ ಸಂಘದ ಸೀಲು ಇಲ್ಲವಲ್ಲ ಸಾರ್?"

"ಸೀಲು ಅಧ್ಯಕ್ಷರ ಮನೆಯಲ್ಲಿದೆ ಸಾರ್" ಅಂದೆ.

"ಸರಿ ಹಾಗಾದ್ರೆ," ಅಂದರು ಮೇಷ್ಟರು, "ಅದಕ್ಕೊಂದು ಅರ್ಜಿ ಬರೀಬೇಕಾ?"